ಮ್ಯಾನೇಜರರಿಗೂ ತೆರಿಗೆ ಬೇಕು

ಮಂಗಳೂರಿನ ಒಂದು ಹೋಟೆಲಿಗೆ ಥಾಯ್ಲೆಂಡಿನಿಂದ ಅರುಣಿ ಎಂಬ ಅಡುಗೆಯವಳು ಬಂದಿದ್ದಳು. ಅವಳ ಸಂಬಳ ಮ್ಯಾನೇಜರ್ ದೂಮಪ್ಪನವರ ಸಂಬಳದ ಮೂರರಷ್ಟು. ಆ ಸಂಕಟಕ್ಕೆ ಅವರಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಅವಳ ವೀಸಾ ಮುಗಿಯಲು ನಾಲ್ಕು ದಿನ ಉಳಿದಿತ್ತು. ನವೀಕರಣಕ್ಕೆ ಆದಾಯದ ಪತ್ರ, ತೆರಿಗೆಯ ಪತ್ರ ಎರಡೂ ಬೇಕು. ಇಲ್ಲದಿದ್ದರೆ ಅವಳು ಊರಿಗೆ ವಾಪಸು. ಹೋಟೆಲಿನ ಗುಮಾಸ್ತ ಆದಾಯದ ಪತ್ರವನ್ನು ದೂಮಪ್ಪನವರ ರುಜುವಿಗೆ ಮೂರು ಸಲ ಒಯ್ದ. ಮೂರು ಸಲವೂ ದೂಮಪ್ಪ ಮೊತ್ತ ನೋಡಿ ಪತ್ರವನ್ನು ಆಚೆ ತಳ್ಳಿದರು.

"ಸೂಪು ಕುದಿಸುವವಳಿಗೆ ಇಷ್ಟೊಂದಾ? ನಾನು ರುಜು ಹಾಕುವುದಿಲ್ಲ ಮಾರಾಯ."

ನಾಲ್ಕನೆಯ ಸಲ ಗುಮಾಸ್ತ ತೆರಿಗೆಯ ಪತ್ರವನ್ನು ಮಾತ್ರ ಮುಂದಿಟ್ಟ.

"ಅವಳ ಸಂಬಳದಲ್ಲಿ ಹಿಡಿದ ತೆರಿಗೆ ಸಾರ್."

ದೂಮಪ್ಪ ಕನ್ನಡಕ ಏರಿಸಿ ಮೊತ್ತ ಓದಿದರು. ಮುಖ ಅರಳಿತು. "ಇಷ್ಟು ಹೋಯಿತಾ? ಪಾಪ!" ಎನ್ನುತ್ತ ಉದ್ದಕ್ಕೆ ರುಜು ಎಳೆದರು.

"ಇನ್ನು ಆದಾಯದ್ದೂ ಆಗಬೇಕು ಸಾರ್. ಆದಾಯವೇ ಇಲ್ಲದೆ ತೆರಿಗೆ ಹಿಡಿದದ್ದು ಹೇಗೆ ಅಂತ ವೀಸಾದವರು ರುಜು ಹಾಕಿದವರನ್ನೇ ಕೇಳುತ್ತಾರೆ."

ದೂಮಪ್ಪ ಹಲ್ಲು ಕಚ್ಚಿ ಅದಕ್ಕೂ ರುಜು ಹಾಕಿದರು. "ಹೋಗಲಿ. ನನಗಂತೂ ಇಷ್ಟು ತೆರಿಗೆ ಕಟ್ಟುವ ಗತಿ ಬಂದಿಲ್ಲ."

"ನಿಮಗೆ ತೆರಿಗೆಯೇ ಇಲ್ಲ ಸಾರ್. ನಿಮ್ಮ ಸಂಬಳ ಅಲ್ಲಿಯವರೆಗೆ ಮುಟ್ಟುವುದಿಲ್ಲ."

ಅರುಣಿಗೆ ವೀಸಾ ಸಿಕ್ಕಿತು. ಆ ಸಂಜೆ ದೂಮಪ್ಪ ಗುಮಾಸ್ತನ ಮೇಜಿನ ಬಳಿ ಬಂದು, ಸುತ್ತ ನೋಡಿ, ಮೆಲ್ಲಗೆ ಹೇಳಿದರು:

"ಬರುವ ತಿಂಗಳಿಂದ ನನ್ನದರಲ್ಲೂ ಸ್ವಲ್ಪ ತೆರಿಗೆ ಹಿಡಿ ಮಾರಾಯ. ಅವಳಿಗೊಬ್ಬಳಿಗೇ ಯಾಕೆ?"