ಗೀಜಗ ಎಳೆದ ಹತ್ತು ಎಳೆ

ಎಂಥ ರಾಶಿಯನ್ನೂ ಕಣ್ಣುಮುಚ್ಚಿ ಹತ್ತು ಕಡೆ ಹೆಕ್ಕಿ ನೋಡಿದರೆ ಅದರ ಗುಣ ತಿಳಿಯುತ್ತದೆಂದು ಗೀಜಗ ಹಕ್ಕಿ ಆಯುಷ್ಯವೆಲ್ಲ ಕೂತು ಕಂಡುಹಿಡಿದಿತ್ತು. ಆ ಲೆಕ್ಕ ಹಿಡಿದೇ ಜೇನುನೊಣ ಹೂದೋಟ ಆರಿಸಿತು, ನೀರುನಾಯಿ ಮೀನಿನ ಮಡು ಆರಿಸಿತು. ಗೀಜಗ ಗೂಡು ಕಟ್ಟಿದ್ದ ಮರಕ್ಕೂ ಅದರಡಿಯ ಹುಲ್ಲಿನ ಬಣವೆಗೂ ಯಜಮಾನನಾದ ಕೋಣನಿಗೆ ಮಾತ್ರ ಮೈಯೆಲ್ಲ ಉರಿ.

“ಎಲಾ ಗೀಜಗ! ಹೂವು ನಿನ್ನದಲ್ಲ, ಮೀನು ನಿನ್ನದಲ್ಲ. ಸಿಕ್ಕಸಿಕ್ಕಲ್ಲಿ ತಲೆಹಾಕುವುದನ್ನು ಬಿಡು, ಇಲ್ಲವೇ ನನ್ನ ಮರ ಬಿಡು!”

“ಎರಡನ್ನೂ ಬಿಡಲಾರೆ, ಯಜಮಾನರೇ,” ಎಂದು ಗೀಜಗ ಬಣವೆಗೆ ಹತ್ತು ಕಡೆ ಕೊಕ್ಕು ತೂರಿ ಹತ್ತು ಎಳೆ ಎಳೆದು ಮುಂದಿಟ್ಟಿತು. ಹೊರಗೆ ಹೊನ್ನಿನಂತಿದ್ದ ಬಣವೆ. ಏಳು ಎಳೆಗೆ ಬೂಷ್ಟು!

“ಇಗೋ, ನಿಮ್ಮ ಹುಲ್ಲಿಗೂ ತಲೆಹಾಕಿದೆ. ಈಗ ಮರ ಬಿಡಲೇ?”

ಮಳೆಗಾಲವಿಡೀ ತಿನ್ನಬೇಕಾದ ಮೇವದು. ಕೋಣ ಮೂಸಿ ನೋಡಿ, “ಕೂತಿರು ಮಾರಾಯ, ಆಚೆ ಇನ್ನೊಂದು ಬಣವೆ ಇದೆ, ಅದಕ್ಕೂ ತಲೆಹಾಕು,” ಎಂದಿತು.