ಮುದಕಪ್ಪ ತಂದ ಮೊಣಕಾಲಿನ ಔಷಧ

ಇದನ್ನು ನನಗೆ ಮೊದಲು ಹೇಳಿದವಳು ಚಿಗವ್ವ ಬಸಲಿಂಗವ್ವ. ಕಾಲು ಒತ್ತಿಸಿಕೊಳ್ಳುತ್ತಾ ಹೇಳುತ್ತಿದ್ದಳು. ಒತ್ತುವುದು ನಿಂತರೆ ಕತೆಯೂ ನಿಲ್ಲುತ್ತಿತ್ತು.

ಖಾನಾವಳಿಗೆ ರೊಟ್ಟಿ ಬಡಿಯುವ ಫಕೀರವ್ವನಿಗೆ ಒಬ್ಬನೇ ಮಗ, ಮುದಕಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. "ಇವನ್ನ ಹಡದು ಏನ ಸುಖ ಉಂಡೆ!" ಎಂದು ಆಕೆ ಒಲೆಯ ಮುಂದೆ ಗೋಳಾಡುತ್ತಿದ್ದಳು. ಒಮ್ಮೆ ಆಕೆಯ ಮೊಣಕಾಲು ಬಾತು ಕುಂಬಳಕಾಯಿಯಾಯಿತು. ಮಗನನ್ನು ಔಷಧಿ ಅಂಗಡಿಗೆ ಅಟ್ಟಿದಳು.

"ನೋವು, ಬಾವು ಎರಡಕ್ಕೂ ಇದ ಮಾತ್ರಿ. ಖಾಲಿ ಹೊಟ್ಟ್ಯಾಗ ಬ್ಯಾಡ, ಊಟ ಆದಮ್ಯಾಲ ಕೊಡು," ಎಂದ ಅಂಗಡಿಯವ.

ಮುದಕಪ್ಪನಿಗೆ ದಾರಿಯುದ್ದಕ್ಕೂ ಒಂದೇ ಸೋಜಿಗ. ಬಾಯಿಗೆ ಹಾಕಿದ ಮಾತ್ರೆಗೆ ಮೊಣಕಾಲಿನ ದಾರಿ ತೋರಿಸುವವರು ಯಾರು? ಯೋಚಿಸುತ್ತಲೇ ಬಂದ, ಕೂತ, ರೊಟ್ಟಿ ಉಂಡ, ತೇಗಿದ.

"ಊಟ ಆತು! ಯವ್ವಾ, ನುಂಗು!"

ಹಸಿದಿದ್ದ ಫಕೀರವ್ವ ನುಂಗಿದಳು. ಹೊಟ್ಟೆ ಧಗಧಗ!

"ಎಲಾ ಮಬ್ಬ! ನಿನ್ನ ಊಟ ಅಲ್ಲೋ! ಔಷಧ ಯಾರಿಗೋ ಊಟ ಅವರಿಗೆ!"

"ಹಂಗ ಆಗಲಿ ಯವ್ವಾ."

ಮರುದಿನ ಅಂಗಡಿಯವ ಮುಲಾಮು ಕೊಟ್ಟ. "ಇದು ಮೊಣಕಾಲಿಗೆ."

ಔಷಧ ಮೊಣಕಾಲಿಗೆ, ಅಂದಮೇಲೆ ಊಟ? ಮುದಕಪ್ಪ ರೊಟ್ಟಿ ಮುರಿದ, ಕೆಂಪು ಖಾರ ಹಚ್ಚಿದ, ಅವ್ವನ ಮೊಣಕಾಲಿಗೆ ತಿಕ್ಕಿ ತಿಕ್ಕಿ ಉಣಿಸಿದ.

"ಉಣವಲ್ದು ಯವ್ವಾ, ಹಟ ಮಾಡತೈತಿ!"

"ಅಯ್ಯಯ್ಯೋ ಉರಿ! ತಿಳೀದಿದ್ರ ಡಾಕ್ಟರಬಾಯಿನ್ನ ಕೇಳೋ! ಅವರು ಹೇಳಿದಂಗ ಮಾಡೋ!"

ಹೋಗಿ ಕೇಳಿದ. ಅವ್ವನ ಹೊಟ್ಟೆಯ ಉರಿ ಇನ್ನೂ ಆರಿಲ್ಲ ಎಂದ. ಡಾಕ್ಟರಬಾಯಿ ಹುಬ್ಬು ಗಂಟಿಕ್ಕಿದರು. "ಆಕಿ ಏನೇನ ನುಂಗತಾಳ, ಎಲ್ಲಾ ತಂದು ತೋರಸು."

ತಳ್ಳುಗಾಡಿ ಬಂತು. ರೊಟ್ಟಿ ಬುಟ್ಟಿ, ಮಜ್ಜಿಗೆ ಗಡಿಗೆ, ಉಪ್ಪಿನಕಾಯಿ ಭರಣಿ, ಅಂಗಡಿಯವ ಕೊಟ್ಟ ಮಾತ್ರೆ, ಎಲೆಅಡಿಕೆ ಚೀಲ.

"ನಿಮ್ಮವ್ವ ಎಲ್ಲಿ?"

"ಆಕಿ ತನ್ನನ್ನ ತಾನ ನುಂಗೂದಿಲ್ಲಲ್ರೀ!"

ಡಾಕ್ಟರಬಾಯಿ ನಗುತ್ತಾ ಎಲೆಅಡಿಕೆ ಚೀಲ ಕೊಡವಿದರು. ಬೇರೆ ಬಣ್ಣದ ಮಾತ್ರೆಗಳು ಉದುರಿದವು. ನಗು ನಿಂತಿತು.

"ಇವು ಯಾರು ಕೊಟ್ಟದ್ದು?"

"ಬಾಜೂಮನಿ ತಿಪ್ಪವ್ವ. ಆಕಿಗೂ ಮೊಣಕಾಲು ಐತ್ರಿ."

"ಎರಡೂ ಒಂದ ಜಾತಿ ನೋವಿನ ಮಾತ್ರಿ! ಕೂಡಿದ್ರ ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರಬಹುದು. ಓಡು, ಈಗಲೇ ಆಕಿನ್ನ ಕರಕೊಂಡ ಬಾ! ನಾ ನೋಡೂತನಕ ಇಂಥ ಒಂದು ಮಾತ್ರೀನೂ ಆಕಿ ಬಾಯಾಗ ಹೋಗಬಾರದು!"

ಮುದಕಪ್ಪ ಓಡಿದ. ಸ್ವಲ್ಪ ಹೊತ್ತಿಗೆ ಪೇಟೆಯ ನಡುವೆ ಮತ್ತೆ ತಳ್ಳುಗಾಡಿ. ಈ ಸಲ ಮೇಲೆ ಫಕೀರವ್ವ. ಬಾಯಿಗೆ ಬಿಗಿಯಾಗಿ ಸುತ್ತಿದ ಮಗನ ಟವೆಲ್ಲು. ಬಿಚ್ಚೋಣವೆಂದರೆ ಆಕೆಯ ಎರಡೂ ಕೈ ಗಾಡಿ ಹಿಡಿದಿದ್ದವು, ಬಿಟ್ಟರೆ ಉರುಳಬೇಕು.

"ಊಂ! ಊಂ ಊಂ!"

ಒಂದೂ ಬೈಗುಳವಿಲ್ಲ! ಮುದಕಪ್ಪ ಅವ್ವನ ಮುಖವನ್ನೇ ಮತ್ತೆ ಮತ್ತೆ ನೋಡಿದ, ಸೋಜಿಗಪಟ್ಟ, ಹಿಗ್ಗಿದ.

"ಅಂತೂ ಇವತ್ತ ಸರಿಯಾಗಿ ಮಾಡೇನಿ, ಹೌದಲ್ಲ ಯವ್ವಾ?"

ತಿಪ್ಪವ್ವನಂಥವರು ನಿಮ್ಮ ಓಣಿಯಲ್ಲೂ ಇದ್ದಾರು. ಮಾತ್ರೆ ಹಂಚಬೇಡಿ, ಈ ಕತೆ ಹಂಚಿರಿ.