ಸೋಬಾನೆ ಬ್ಲಾಗಿನ ಕಸ ತೆಗೆದ ಚೆಲುವರಾಜ

ಪೆದ್ದರ ಕಾಲ ಮುಗೀತು ಅಂದ್ಕೊಂಡ್ರಾ? ಇಲ್ಲ ಕಣ್ರೀ, ಅರಸೀಕೆರೆಯಲ್ಲಿ ಒಬ್ಬ ಉಳ್ಕೊಂಡಿದ್ದಾನೆ. ಹೆಸರು ಚೆಲುವರಾಜ. ವಯಸ್ಸು ಮೂವತ್ತೆರಡು, ಬುದ್ಧಿ ಇನ್ನೂ ಹುಟ್ಟಬೇಕು.

ಅವನ ತಾಯಿ ದಾಕ್ಷಾಯಣಮ್ಮ, ಅಜ್ಜಿ ಹೇಳ್ತಿದ್ದ ಸೋಬಾನೆ ಪದಗಳನ್ನೆಲ್ಲ ಬ್ಲಾಗಿನಲ್ಲಿ ಬರೆದಿಟ್ಟಿದ್ದಳು. ಪದ ಬರೆದಿದ್ದ ಹಳೇ ನೋಟ್‌ಬುಕ್ಕನ್ನ ಗೆದ್ದಲು ತಿಂದಿತ್ತು. ಪದ ಅಂತ ಉಳಿದದ್ದು ಬ್ಲಾಗಿನಲ್ಲಿ ಮಾತ್ರ. ಒಂದು ಧಾರೆ ಪದದ ಕೊನೆ ಮರೆತುಹೋಗಿತ್ತು. “ಗೊತ್ತಿದ್ದೋರು ಬರೀರಿ” ಅಂತ ಕೇಳಿ ಕಾಯ್ತಿದ್ದಳು. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು.

“ಚೆಲುವಾ, ಇನ್ಮೇಲೆ ಕಾಮೆಂಟು ನೀನೇ ನೋಡ್ಕೋ. ಬಂದೋರನ್ನ ಮರ್ಯಾದೆಯಿಂದ ಮಾತಾಡಿಸು.”

“ಆಗಲಮ್ಮ!”

ಮೊದಲು ಬಂದೋನು ಬೋಳುತಲೆ ಎಣ್ಣೆಯವನು. “ಅದ್ಭುತ ಬರಹ! ಕೂದಲು ಬೇಕೇ? ಇಲ್ಲಿ ಒತ್ತಿ!” ಚೆಲುವರಾಜ ಬರೆದ: “ಬನ್ನಿ ಸ್ವಾಮಿ, ಊಟ ಆಯ್ತಾ? ನಿಮ್ಮೋರನ್ನೂ ಕರ್ಕೊಂಡು ಬನ್ನಿ.” ಕರ್ಕೊಂಡೇ ಬಂದ! ಎರಡು ದಿನಕ್ಕೆ ನಾನೂರು ಕಾಮೆಂಟು. ಲಾಟರಿಯಂತೆ, ತೂಕ ಇಳಿಸೋ ಪುಡಿಯಂತೆ. ನಾನೂರಕ್ಕೂ ಊಟ ಆಯ್ತಾ ಅಂತ ಕೇಳಿದ, ಪುಣ್ಯಾತ್ಮ!

“ಅಯ್ಯೋ ಮಂಕೇ, ಅದು ಕಸ ಕಣೋ! ಕಂಡೋರಿಗೆಲ್ಲ ಮಣೆ ಹಾಕ್ತಾರಾ? ಒಬ್ಬರನ್ನೂ ಬಿಡದೆ ಅಳಿಸು!”

“ಆಗಲಮ್ಮ!”

ಆಮೇಲೆ ಬಂದೋರು ತಿಪಟೂರಿನ ಗಂಗಾಧರಯ್ಯ ಮೇಷ್ಟ್ರು. “ಪದ ಬಹಳ ಚೆನ್ನಾಗಿದೆ” ಅಂತ ಬರೆದ್ರು, ಪಾಪ. ಚೆಲುವರಾಜ ಬರೆದ: “ನಿಮ್ಮ ತಾಯಿ ತೀರಿಕೊಂಡ್ರಂತೆ.” ಮೇಷ್ಟ್ರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಾ ಹಳ್ಳಿಗೆ ಹೋದ್ರೆ, ತಾಯಿ ಜಗಲಿ ಮೇಲೆ ಕೂತು ಚಕ್ಕುಲಿ ತಿಂತಿದ್ದಾರೆ! ಅಲ್ಲಿಂದ ಸೀದಾ ಅರಸೀಕೆರೆಗೆ ಬಂದು, ಛತ್ರಿ ಎತ್ತಿ ಹಿಡಿದು ಬೈದ್ರು.

“ಅಳಿಸಿದೆ ಕಣಮ್ಮ! ಚೆನ್ನಾಗಿ ಅತ್ತರು!”

“ಥೂ ನಿನ್ನ! ಅಳಿಸು ಅಂದ್ರೆ ತೆಗೆದುಹಾಕು ಅಂತ, ಗೋಳಾಡಿಸು ಅಂತಲ್ಲ! ಬರೆಯೋರು ಮನುಷ್ಯರೋ ಮಿಷಿನ್ನೋ, ಮೊದಲು ಕೇಳು!”

“ಆಗಲಮ್ಮ!”

ಆಗ ಬಂದಳು ದಾಕ್ಷಾಯಣಮ್ಮನ ಬಾಲ್ಯದ ಗೆಳತಿ ಹೊಂಬಾಳಮ್ಮ. “ದಾಕ್ಷೀ, ಆ ಪದದ ಕೊನೆ ನನಗೆ ಬರುತ್ತೆ ಕಣೇ.”

ಚೆಲುವರಾಜ ಬರೆದ: “ನೀವು ಮನುಷ್ಯರೇನ್ರೀ?”

“ಏನಂದೆ?”

“ಮನುಷ್ಯರಾ ಅಂತ ಕೇಳ್ದೆ. ಹೌದೋ ಅಲ್ವೋ ಹೇಳ್ರೀ!”

ಹೊಂಬಾಳಮ್ಮ ಫೋನು ಮಾಡಿ ಅರ್ಧ ಗಂಟೆ ಜಾಡಿಸಿದಳು. ದಾಕ್ಷಾಯಣಮ್ಮ ಕಾಲಿಗೆ ಬೀಳ್ತೀನಿ ಅಂದಮೇಲೆ, “ಹೋಗಲಿ, ನಾಳೆ ಬರೆದುಹಾಕ್ತೀನಿ” ಅಂದಳು.

“ದಡ್ಡ ಶಿಖಾಮಣಿ! ಯಾರನ್ನೂ ಏನೂ ಕೇಳಬೇಡ! ಕಸ ಹೇಳಿದ್ದನ್ನೇ ಹೇಳ್ತಿರುತ್ತೆ. ಅಂಥದ್ದು ಎಲ್ಲಿ ಕಂಡ್ರೂ ತೆಗೆದುಹಾಕು!”

“ಆಗಲಮ್ಮ!”

ಮಾರನೇ ದಿನ ದಾಕ್ಷಾಯಣಮ್ಮ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು ಬಂದು ಕೂತಳು.

“ಹೊಂಬಾಳು ಬರೆದಳೇನೋ? ಓದೋ!”

“ತೆಗೆದುಹಾಕಿದೆ ಕಣಮ್ಮ. ಸಾಲುಸಾಲಿಗೂ ಸೋಬಾನೆ, ಸೋಬಾನೆ! ಶುದ್ಧ ಕಸ!”

ತಾಯಿ ಹಣೆ ಚಚ್ಚಿಕೊಂಡಳು. “ಹಾಳಾಗಲಿ, ಇನ್ನೊಂದ್ಸಲ ಕಾಲು ಹಿಡೀತೀನಿ. ನನ್ನ ಪದಗಳನ್ನ ಮುಟ್ಟಿಲ್ಲ ತಾನೆ?”

“ಅವೂ ಹಂಗೇ ಇದ್ವು! ನೂರಾ ನಲವತ್ತು! ಒಂದನ್ನೂ ಬಿಟ್ಟಿಲ್ಲ!”

ದಾಕ್ಷಾಯಣಮ್ಮ ನೆಲಕ್ಕೆ ಕುಸಿದಳು. “ಅಯ್ಯೋ ನನ್ನ ಪದ! ಅಯ್ಯೋ ನನ್ನ ಪದ! ಅಯ್ಯೋ ನನ್ನ ಪದ!”

ಚೆಲುವರಾಜ ಕಿವಿಗೊಟ್ಟು ಕೇಳಿದ. ಒಂದು ಸಲ, ಎರಡು ಸಲ, ಮೂರು ಸಲ. ಹೇಳಿದ್ದನ್ನೇ ಹೇಳ್ತಿದ್ದಾಳೆ!

ಹೆತ್ತ ತಾಯಿಯನ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡ. ಗೇಟಿನಾಚೆ, ಕಸದ ಬುಟ್ಟಿ ಪಕ್ಕದಲ್ಲಿ ಕೂರಿಸಿದ. ಬೀದಿ ತುದೀಲಿ ಬರ್ತಿದ್ದ ನಗರಸಭೆ ಕಸದ ಗಾಡಿಗೆ ಕೈ ಬೀಸಿ ಕೂಗಿದ:

“ಇಲ್ಲೊಂದಿದೆ, ತಗೊಂಡ್ಹೋಗ್ರಪ್ಪಾ!”